ಡಾಕ್ಟರಿಗೂ ನಿದ್ದೆ ಬೇಕು: ಕಿರಿಯ ವೈದ್ಯರು ಆಸ್ಪತ್ರೆ ಬಿಟ್ಟು ಹೋಗುವುದೇಕೆ?

ಇತ್ತೀಚೆಗೆ ಒಂದೇ ವಾರದಲ್ಲಿ ಇಬ್ಬರು ತಾಯಂದಿರು ನನ್ನ ಮುಂದೆ ಹೆಚ್ಚುಕಡಿಮೆ ಒಂದೇ ಚಿಂತೆಯನ್ನು ಹೇಳಿಕೊಂಡರು.

ಮೊದಲನೆಯವರು ವಳಕಮದಿನ್ನಿಯ ನನ್ನ ದವಾಖಾನೆಗೆ ಮೊಣಕಾಲು ನೋವಿಗೆಂದು ಬಂದವರು. ಔಷಧ ತೆಗೆದುಕೊಂಡ ಮೇಲೂ ಏಳಲಿಲ್ಲ. "ಡಾಕ್ಟರ್ ಆಪಾ, ಮಗಳಿಗೆ ಎಂಬಿಬಿಎಸ್ ಸೀಟ್ ಸಿಕ್ಕೈತ್ರಿ. ಆದ್ರ ಕೋಲ್ಕತ್ತಾದಾಗ ಆ ಹುಡುಗಿಗೆ ಆದದ್ದು ಕೇಳಿದಾಗಿಂದ ಅವರಪ್ಪಗೂ ನನಗೂ ಎದಿ ಡವಡವ ಅಂತೈತಿ. ಕಳಸಬೇಕೋ ಬ್ಯಾಡೋ, ನೀವ ಹೇಳ್ರಿ" ಎಂದರು.

ಎರಡನೆಯವರು ನನ್ನ ಸ್ವಂತ ಅಕ್ಕ. ಅವರ ಮಗ ಎಂಬಿಬಿಎಸ್ ಮುಗಿಸಿ, ಒಂದು ವರ್ಷ ಹೌಸ್ ಸರ್ಜನ್ ಆಗಿ ದುಡಿದು, ಈಗ ಐರ್ಲೆಂಡಿಗೆ ಹೋಗಲು ಬೇಕಾದ ಪರೀಕ್ಷೆಗೆ ಓದುತ್ತಿದ್ದಾನೆ. "ಊರಾಗ ನಾಕು ಮಂದಿಗೆ ಉಪಯೋಗ ಆಗ್ಲಿ ಅಂತ ಓದ್ಸಿದ್ವಿ. ಈಗ ರೊಕ್ಕದ ಆಸೆಗೆ ಹೊಂಟಾನ. ನಿನ್ನ ಮಾತು ಕೇಳ್ತಾನ, ನೀನರ ಬುದ್ಧಿ ಹೇಳು" ಎಂದು ಫೋನಿನಲ್ಲಿ ಅತ್ತರು.

ಬುದ್ಧಿ ಹೇಳಲೆಂದೇ ಅವನಿಗೆ ಫೋನ್ ಮಾಡಿದೆ. ಅವನು ಹೇಳಿದ್ದು ಕೇಳಿ ನಾನೇ ಸುಮ್ಮನಾದೆ. "ಖಾಲಾ, ನನಗೆ ಕೆಲಸದ ಭಯ ಇಲ್ಲ. ಮೂವತ್ತು ಗಂಟೆ ಎಚ್ಚರ ಇದ್ದ ಮೇಲೆ ನನ್ನ ಕೈಯಿಂದ ಯಾರಿಗಾದರೂ ಏನಾದರೂ ಆಗಿಬಿಟ್ಟರೆ ಅನ್ನುವ ಭಯ."

ಒಬ್ಬ ತಾಯಿಗೆ ಮಗಳನ್ನು ಕಳಿಸುವ ಭಯ, ಇನ್ನೊಬ್ಬರಿಗೆ ಮಗ ಹೊರಟುಹೋಗುವ ದುಃಖ. ಎರಡರ ಬೇರೂ ಒಂದೇ ಕಡೆ ಇದೆ. ಅದು ನಿಮಗೂ ಸಂಬಂಧಿಸಿದ್ದು, ಯಾಕೆಂದರೆ ನಡುರಾತ್ರಿ ನಿಮ್ಮ ಮನೆಯ ರೋಗಿಯನ್ನು ಮೊದಲು ಮುಟ್ಟುವ ಕೈ ಇದೇ ಕಿರಿಯ ವೈದ್ಯರದು.

ಕಿರಿಯ ವೈದ್ಯರು ಎಂದರೆ ಯಾರು?

ಎಂಬಿಬಿಎಸ್ ಓದು ನಾಲ್ಕೂವರೆ ವರ್ಷ. ಆಮೇಲೆ ಒಂದು ವರ್ಷ ಆಸ್ಪತ್ರೆಯಲ್ಲೇ ದುಡಿಯಬೇಕು. ಇವರನ್ನು ಹೌಸ್ ಸರ್ಜನ್ ಎನ್ನುತ್ತೇವೆ. ಅದಾದ ಮೇಲೆ ಎಂಡಿ, ಎಂಎಸ್ ಓದಲು ಸೀಟು ಸಿಕ್ಕವರು ಮೂರು ವರ್ಷ ಓದುತ್ತಲೇ ವಾರ್ಡಿನಲ್ಲಿ ಕೆಲಸ ಮಾಡುತ್ತಾರೆ. ಇವರು ಪಿಜಿಗಳು, ಅಂದರೆ ರೆಸಿಡೆಂಟ್ ವೈದ್ಯರು. ಈ ಇಬ್ಬರನ್ನೂ ಸೇರಿಸಿ ಕಿರಿಯ ವೈದ್ಯರು ಎಂದು ಕರೆಯುತ್ತಾರೆ.

ರಾಯಚೂರಿನಲ್ಲಿ 2007ರಲ್ಲಿ ಆರಂಭವಾದ ರಿಮ್ಸ್ ಇರಲಿ, ಬಳ್ಳಾರಿ, ಕಲಬುರಗಿ, ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿರಲಿ, ರಾತ್ರಿ ಹೊತ್ತು ಓಡಾಡುವ ಬಿಳಿ ಕೋಟುಗಳು ಹೆಚ್ಚಾಗಿ ಇವರವೇ. ರಕ್ತ ತೆಗೆಯುವುದು, ಡ್ರಿಪ್ ಹಾಕುವುದು, ಗಾಯ ಹೊಲಿಯುವುದು, ಕೇಸ್ ಶೀಟ್ ಬರೆಯುವುದು, ಏನಾದರೂ ಹೆಚ್ಚುಕಡಿಮೆಯಾದರೆ ದೊಡ್ಡ ಡಾಕ್ಟರಿಗೆ ಫೋನ್ ಮಾಡುವುದು ಎಲ್ಲವೂ ಇವರ ಕೆಲಸ. ಅವರು ಒಂದು ದಿನ ಕೈಬಿಟ್ಟರೆ ಆಸ್ಪತ್ರೆ ನಿಂತುಹೋಗುತ್ತದೆ.

ಒಂದು ಡ್ಯೂಟಿ ಎಷ್ಟು ಉದ್ದ?

ನನ್ನ ಅಕ್ಕನ ಮಗ ಒಂದು ಡ್ಯೂಟಿಯ ಲೆಕ್ಕ ಕೊಟ್ಟ. ಬೆಳಿಗ್ಗೆ ಎಂಟಕ್ಕೆ ವಾರ್ಡಿನಲ್ಲಿ ರೌಂಡ್ಸ್. ಆಮೇಲೆ ಹೊರರೋಗಿಗಳ ವಿಭಾಗ. ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ, ಅದೂ ಸಿಕ್ಕರೆ. ಸಂಜೆಯಿಂದ ತುರ್ತು ವಿಭಾಗ. ರಾತ್ರಿಯಿಡೀ ಅಪಘಾತ, ಹೆರಿಗೆ, ವಿಷ ಕುಡಿದವರು, ಹಾವು ಕಚ್ಚಿದವರು. ಬೆಳಗಾದರೆ ಮನೆಗೆ ಹೋಗುವಂತಿಲ್ಲ. ಮತ್ತೆ ಎಂಟಕ್ಕೆ ರೌಂಡ್ಸ್. ಕೋಣೆ ಸೇರುವುದು ಎರಡನೇ ದಿನ ಮಧ್ಯಾಹ್ನವೋ ಸಂಜೆಯೋ. ಲೆಕ್ಕ ಹಾಕಿದರೆ 30ರಿಂದ 36 ಗಂಟೆ. ಒಂದು ಮೇಜಿನ ಮೇಲೆ ತಲೆಯಿಟ್ಟು ಮಲಗಿದ ಇಪ್ಪತ್ತು ನಿಮಿಷವೇ ನಿದ್ದೆ.

ಈಗ ನಮ್ಮ ಸುತ್ತಲಿನ ಬೇರೆ ದುಡಿಮೆಗಳನ್ನು ನೋಡಿ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿ ನಿಮಗೆಲ್ಲ ಗೊತ್ತು. 2025ರವರೆಗೆ ಜಾರಿಯಲ್ಲಿದ್ದ 1952ರ ಗಣಿ ಕಾಯ್ದೆಯ ಪ್ರಕಾರ ನೆಲದಡಿ ಇಳಿದು ಕೆಲಸ ಮಾಡುವವರಿಂದ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸುವಂತಿರಲಿಲ್ಲ. ಬಸ್, ಲಾರಿ ಓಡಿಸುವ ಚಾಲಕರಿಗೆ 2025ರವರೆಗೆ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಇತ್ತು. ಅಲ್ಲಿಯೂ ಸಾಮಾನ್ಯ ಮಿತಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಇತ್ತು. ದಣಿದ ಕೈ ಅಪಘಾತ ಮಾಡುತ್ತದೆ ಎಂದು ಗೊತ್ತಿದ್ದೇ ಈ ಮಿತಿಗಳನ್ನು ಹಾಕಿದ್ದಾರೆ. ಮೂವತ್ತು ಗಂಟೆ ನಿದ್ದೆಯಿಲ್ಲದ ಚಾಲಕನ ಬಸ್ಸಿಗೆ ನೀವು ಮಕ್ಕಳನ್ನು ಹತ್ತಿಸುವುದಿಲ್ಲ. ಆದರೆ ಅಷ್ಟೇ ನಿದ್ದೆಗೆಟ್ಟ ವೈದ್ಯರ ಕೈಗೆ ಹೆರಿಗೆ ನೋವಿನಲ್ಲಿರುವ ಮಗಳನ್ನು ಒಪ್ಪಿಸುತ್ತೇವೆ, ಬೇರೆ ದಾರಿ ಇಲ್ಲದೆ.

ನಿದ್ದೆ ಕೆಟ್ಟರೆ ಏನಾಗುತ್ತದೆ?

ಯುನಾನಿ ವೈದ್ಯದಲ್ಲಿ ಆರೋಗ್ಯ ಉಳಿಯಲು ಆರು ಸಂಗತಿಗಳು ಅನಿವಾರ್ಯ ಎನ್ನುತ್ತೇವೆ. ಇವಕ್ಕೆ ಅಸ್ಬಾಬೆ ಸಿತ್ತಾ ಝರೂರಿಯಾ ಎಂದು ಹೆಸರು. ಗಾಳಿ, ಅನ್ನ-ನೀರು, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದುದು ಉಳಿದು ಹೊರಹೋಗಬೇಕಾದುದು ಹೋಗುವುದು. ಇವುಗಳಲ್ಲಿ ಒಂದು ಏರುಪೇರಾದರೂ ಮಿಝಾಜ್ ಕೆಡುತ್ತದೆ. ಅತಿಯಾದ ಎಚ್ಚರದಿಂದ ಮಿದುಳಿನಲ್ಲಿ ಶುಷ್ಕತೆ ಹೆಚ್ಚುತ್ತದೆ ಎಂದು ನಮ್ಮ ಹಕೀಮರು ಹೇಳುತ್ತ ಬಂದಿದ್ದಾರೆ. ಕಿರಿಯ ವೈದ್ಯರ ಡ್ಯೂಟಿಯಲ್ಲಿ ಈ ಆರರಲ್ಲಿ ಒಂದಲ್ಲ, ನಾಲ್ಕೈದು ಒಟ್ಟಿಗೆ ಕೆಡುತ್ತವೆ. ಊಟವಿಲ್ಲ, ನಿದ್ದೆಯಿಲ್ಲ, ಮನಸ್ಸಿಗೆ ನೆಮ್ಮದಿಯಿಲ್ಲ, ಮೂತ್ರಕ್ಕೆ ಹೋಗಲೂ ಪುರಸೊತ್ತಿಲ್ಲ.

ಇಂದಿನ ವಿಜ್ಞಾನ ಇದನ್ನು ಅಳತೆ ಮಾಡಿ ತೋರಿಸಿದೆ. 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ನಿದ್ದೆಗೆಟ್ಟವರನ್ನೂ ಮದ್ಯ ಕುಡಿದವರನ್ನೂ ಒಂದೇ ಪರೀಕ್ಷೆಗೆ ಒಡ್ಡಿದರು. 24 ಗಂಟೆ ಎಚ್ಚರವಿದ್ದವರ ಕೈ-ಕಣ್ಣುಗಳ ಹೊಂದಾಣಿಕೆ, ರಕ್ತದಲ್ಲಿ ಸುಮಾರು ಶೇ. 0.10 ಮದ್ಯ ಇರುವವರ ಮಟ್ಟಕ್ಕೆ ಕುಸಿದಿತ್ತು. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಇರುವ ಮಿತಿ ಶೇ. 0.03. ಅಂದರೆ ಒಂದು ಹನಿ ಮದ್ಯ ಮುಟ್ಟದ ವೈದ್ಯರೂ ಇಡೀ ರಾತ್ರಿ ಎಚ್ಚರವಿದ್ದ ಮೇಲೆ, ಕುಡಿದು ವಾಹನ ಓಡಿಸಿ ಸಿಕ್ಕಿಬೀಳುವ ಮಿತಿಯ ಮೂರು ಪಟ್ಟು ಕುಡಿದವರಂತೆ ಇರುತ್ತಾರೆ.

2004ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಇನ್ನೊಂದು ಅಧ್ಯಯನ ಪ್ರಕಟವಾಯಿತು. ತೀವ್ರ ನಿಗಾ ಘಟಕದಲ್ಲಿ 24 ಗಂಟೆ ಮೀರಿದ ಡ್ಯೂಟಿ ಮಾಡುತ್ತಿದ್ದ ಕಿರಿಯ ವೈದ್ಯರು, ಕಡಿಮೆ ಗಂಟೆಯ ಡ್ಯೂಟಿ ಮಾಡಿದವರಿಗಿಂತ ಶೇ. 36ರಷ್ಟು ಹೆಚ್ಚು ಗಂಭೀರ ತಪ್ಪುಗಳನ್ನು ಮಾಡಿದ್ದರು.

ರಮಝಾನ್‌ನಲ್ಲಿ ನಮಗೆಲ್ಲ ಇದರ ಸಣ್ಣ ಅನುಭವ ಆಗುತ್ತದೆ. ತರಾವೀಹ್ ಮುಗಿಸಿ ಮಲಗುವಾಗ ತಡವಾಗಿರುತ್ತದೆ, ಸಹರಿಗೆ ಮತ್ತೆ ಏಳಬೇಕು. ಮೂರನೇ ವಾರದ ಹೊತ್ತಿಗೆ ಸಣ್ಣ ಮಾತಿಗೂ ಸಿಟ್ಟು, ಇಟ್ಟ ಕೀಲಿಕೈ ಎಲ್ಲಿಟ್ಟೆವೆಂಬ ಮರೆವು. ನಾವು ಮಧ್ಯಾಹ್ನ ಕೈಲೂಲಾ ಮಾಡಿ ಸುಧಾರಿಸಿಕೊಳ್ಳುತ್ತೇವೆ. ವಾರ್ಡಿನಲ್ಲಿ ಇರುವವರಿಗೆ ಕೈಲೂಲಾ ಎಲ್ಲಿಂದ ಬರಬೇಕು?

ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಬಿಯುಎಂಎಸ್ ಮುಗಿಸಿ ಇಂಟರ್ನ್ ಆಗಿದ್ದಾಗ ಒಂದು ಆಸ್ಪತ್ರೆಯಲ್ಲಿ ಸಾಲಾಗಿ ಮೂರನೇ ರಾತ್ರಿ ಡ್ಯೂಟಿ ಬಿತ್ತು. ಬೆಳಗಿನ ಜಾವ ಜ್ವರದ ಮಗುವನ್ನು ಹೊತ್ತ ತಾಯಿ ಬಂದರು. ಔಷಧ ಬರೆದೆ. 2.5 ಎಂ.ಎಲ್. ಎಂದು ಬರೆಯಬೇಕಾದ ಕಡೆ ನಡುವಿನ ಚುಕ್ಕೆ ಬಿಟ್ಟುಹೋಗಿ 25 ಆಗಿತ್ತು. ವಯಸ್ಸಾದ ಸಿಸ್ಟರ್ ಒಬ್ಬರು ಚೀಟಿ ನೋಡಿ, ಏನೂ ಬೈಯದೆ, "ಡಾಕ್ಟ್ರೇ, ಇದೊಮ್ಮೆ ನೋಡ್ರಿ" ಎಂದು ವಾಪಸು ಕೊಟ್ಟರು. ನನ್ನ ಕಾಲು ನಡುಗಿತು. ಆ ಸಿಸ್ಟರ್ ಕೂಡ ನನ್ನಷ್ಟೇ ದಣಿದಿದ್ದರೆ ಏನಾಗುತ್ತಿತ್ತು ಎಂದು ಇವತ್ತಿಗೂ ಯೋಚಿಸುತ್ತೇನೆ. ನನಗೆ ಆಗ ಓದು ಕಡಿಮೆ ಇರಲಿಲ್ಲ, ಮನಸ್ಸೂ ಕೆಟ್ಟದಿರಲಿಲ್ಲ. ನಿದ್ದೆ ಇರಲಿಲ್ಲ, ಅಷ್ಟೇ.

ನಿಯಮಗಳು ಇಲ್ಲವೇ?

ಇವೆ. 1992ರಲ್ಲೇ ಕೇಂದ್ರ ಆರೋಗ್ಯ ಸಚಿವಾಲಯ, ರೆಸಿಡೆಂಟ್ ವೈದ್ಯರ ಡ್ಯೂಟಿ ಸಾಮಾನ್ಯವಾಗಿ ಒಮ್ಮೆಗೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು, ವಾರಕ್ಕೊಂದು ರಜೆ ಇರಬೇಕು ಎಂದು ಹೇಳಿತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರಲ್ಲಿ ಹೊರಡಿಸಿದ ಪಿಜಿ ನಿಯಮಗಳಲ್ಲಿ ಕೆಲಸದ ಅವಧಿ "ಸಮಂಜಸ"ವಾಗಿರಬೇಕು, ವಿಶ್ರಾಂತಿಗೆ ಸಮಯ ಕೊಡಬೇಕು, ವಾರದ ರಜೆ ಕೊಡಬೇಕು ಎಂದಿದೆ. ಸಮಂಜಸ ಎಂದರೆ ಎಷ್ಟು ಗಂಟೆ ಎಂದು ಹೇಳಿಲ್ಲ. ಅಲ್ಲೇ ನಿಯಮದ ಬಲ ಹೋಯಿತು. 2024ರಲ್ಲಿ ಅದೇ ಆಯೋಗದ ಕಾರ್ಯಪಡೆ ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ವರದಿ ಕೊಟ್ಟು, ವಾರಕ್ಕೆ 74 ಗಂಟೆಗಿಂತ ಹೆಚ್ಚು ದುಡಿಸಬಾರದು, ದಿನಕ್ಕೆ ಏಳೆಂಟು ಗಂಟೆ ನಿದ್ದೆ ಬೇಕು ಎಂದು ಶಿಫಾರಸು ಮಾಡಿತು. 48ರಿಂದ 74ಕ್ಕೆ ಬಂದದ್ದೂ ಸುಧಾರಣೆ ಎನಿಸುವಂತಿದೆ ಎಂದರೆ ಪರಿಸ್ಥಿತಿ ಎಲ್ಲಿಗೆ ಬಂದಿದೆ ನೋಡಿ.

ಆಯೋಗವೇ ಕೊಟ್ಟ ಮಾಹಿತಿಯಂತೆ ದೇಶದಲ್ಲಿ ಐದು ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಪಿಜಿಗಳು ಓದನ್ನು ಅರ್ಧಕ್ಕೇ ಬಿಟ್ಟಿದ್ದಾರೆ. ರಾತ್ರಿ ಹಗಲು ಓದಿ ನೀಟ್ ಬರೆದು ಪಡೆದ ಸೀಟನ್ನು ಯಾರೂ ಸುಮ್ಮನೆ ಬಿಡುವುದಿಲ್ಲ.

ಸಂಬಳ ಮತ್ತು ಸುರಕ್ಷತೆ

ಅಕ್ಕ ಹೇಳಿದ "ರೊಕ್ಕದ ಆಸೆ"ಯ ಮಾತಿಗೆ ಬರೋಣ. ಕರ್ನಾಟಕದಲ್ಲಿ ಹೌಸ್ ಸರ್ಜನ್‌ಗಳ ಸ್ಟೈಪೆಂಡ್ 2020ರಲ್ಲಿ ತಿಂಗಳಿಗೆ 20 ಸಾವಿರದಿಂದ 30 ಸಾವಿರ ರೂಪಾಯಿಗೆ ಏರಿತು. ವಾರಕ್ಕೆ 80 ಗಂಟೆ ದುಡಿದರೆ ಅದು ಗಂಟೆಗೆ ನೂರು ರೂಪಾಯಿಯೂ ಆಗುವುದಿಲ್ಲ. ಅದೇ 2020ರಲ್ಲಿ, ಕೊರೊನಾ ನಡುವೆ, ದಾವಣಗೆರೆಯ ಕಿರಿಯ ವೈದ್ಯರು 16 ತಿಂಗಳಿಂದ ಸ್ಟೈಪೆಂಡ್ ಬಂದಿಲ್ಲವೆಂದು ಬೀದಿಯಲ್ಲಿ ಕೂರಬೇಕಾಯಿತು. 2024ರ ಆಗಸ್ಟ್‌ನಲ್ಲಿ ರಾಜ್ಯದ ರೆಸಿಡೆಂಟ್ ವೈದ್ಯರ ಸಂಘ ಸ್ಟೈಪೆಂಡ್ ಹೆಚ್ಚಳಕ್ಕಾಗಿ ಮತ್ತೆ ಮುಷ್ಕರ ಹೂಡಿತು.

ಹಣಕ್ಕಿಂತ ದೊಡ್ಡದು ಜೀವಭಯ. 2019ರ ನವೆಂಬರ್‌ನಲ್ಲಿ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಕಿರಿಯ ವೈದ್ಯರ ಮೇಲೆ ಹಲ್ಲೆಯಾಯಿತೆಂದು ರಾಜ್ಯದಾದ್ಯಂತ ಕಿರಿಯ ವೈದ್ಯರು ಪ್ರತಿಭಟಿಸಿದರು. 2024ರ ಆಗಸ್ಟ್ 9ರಂದು ಕೋಲ್ಕತ್ತಾದ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನಲ್ಲಿ, ಉದ್ದದ ಡ್ಯೂಟಿಯ ನಡುವೆ ಸ್ವಲ್ಪ ಮಲಗಲೆಂದು ಸೆಮಿನಾರ್ ಹಾಲ್‌ಗೆ ಹೋಗಿದ್ದ ಪಿಜಿ ವೈದ್ಯೆಯ ಅತ್ಯಾಚಾರ, ಕೊಲೆ ನಡೆಯಿತು. ಅವರಿಗೆ ಮಲಗಲು ಚಿಲಕವಿರುವ ಒಂದು ಡ್ಯೂಟಿ ರೂಮ್ ಇರಲಿಲ್ಲ. ಆಗಸ್ಟ್ 17ರಂದು ದೇಶದ ವೈದ್ಯರು 24 ಗಂಟೆ ತುರ್ತು ಸೇವೆ ಬಿಟ್ಟು ಉಳಿದೆಲ್ಲ ನಿಲ್ಲಿಸಿದರು. ಸುಪ್ರೀಂ ಕೋರ್ಟ್ ವೈದ್ಯರ ಸುರಕ್ಷತೆಗಾಗಿ ರಾಷ್ಟ್ರೀಯ ಕಾರ್ಯಪಡೆ ರಚಿಸಿತು.

ಇಷ್ಟೆಲ್ಲ ಕಂಡ ಹುಡುಗ ವಿಮಾನ ಹತ್ತಲು ನೋಡಿದರೆ ಅದನ್ನು ಬರೀ ರೊಕ್ಕದ ಆಸೆ ಎನ್ನಲು ನನಗೆ ನಾಲಿಗೆ ಬರಲಿಲ್ಲ.

ಐರ್ಲೆಂಡಿನಲ್ಲಿ ಎಲ್ಲ ಸರಿ ಇದೆಯೇ?

ಇಲ್ಲ. ಅವನಿಗೂ ಇದನ್ನೇ ಹೇಳಿದೆ. ಐರ್ಲೆಂಡಿನ ಕಿರಿಯ ವೈದ್ಯರೂ ಇದೇ ನೋವಿನಿಂದ 2013ರ ಅಕ್ಟೋಬರ್ 8ರಂದು ಮುಷ್ಕರ ಮಾಡಿದ್ದರು. ಐರೋಪ್ಯ ಒಕ್ಕೂಟದ ನಿಯಮದಂತೆ ವಾರಕ್ಕೆ ಸರಾಸರಿ 48 ಗಂಟೆ ಮಾತ್ರ ದುಡಿಸಬೇಕು. ಆದರೆ ಅಲ್ಲಿನ ಆಸ್ಪತ್ರೆಗಳಲ್ಲಿ 24 ಗಂಟೆ ಮೀರಿದ ಡ್ಯೂಟಿಗಳು ಸಾಮಾನ್ಯವಾಗಿದ್ದವು. ಒಮ್ಮೆಗೆ 24 ಗಂಟೆಗಿಂತ ಹೆಚ್ಚು ಬೇಡ ಎಂಬುದೇ ಅವರ ಬೇಡಿಕೆ. 2022ರಲ್ಲಿ ಅವರು ಮತ್ತೆ ಹೋರಾಟಕ್ಕೆ ಮತ ಹಾಕಿದರು. ಅಲ್ಲಿ ಓದಿದ ಯುವಕರು ಆಸ್ಪತ್ರೆಗಳನ್ನು ಬಿಟ್ಟು ಆಸ್ಟ್ರೇಲಿಯಾಕ್ಕೆ ಹೋಗುತ್ತಾರೆ. ಅವರು ಬಿಟ್ಟ ಜಾಗಕ್ಕೆ ಪಾಕಿಸ್ತಾನ, ಸುಡಾನ್, ಭಾರತದ ವೈದ್ಯರು ಬರುತ್ತಾರೆ. ಹೊರಗಿನವರಿಗೆ ಅಲ್ಲಿ ಉನ್ನತ ತರಬೇತಿಯ ಹುದ್ದೆ ಸಿಗುವುದು ಕಷ್ಟ. ಆರು ತಿಂಗಳು, ವರ್ಷದ ಕರಾರಿನ ಮೇಲೆ ಊರಿಂದೂರಿಗೆ ಬದಲಾಗುತ್ತ ದುಡಿಯುವವರು ಬಹಳ.

"ಗೊತ್ತು ಖಾಲಾ. ಅಲ್ಲೂ ದಣಿವಿದೆ. ಆದರೆ ದುಡಿದ ಗಂಟೆಗೆ ಲೆಕ್ಕ ಇದೆ, ಹೆಚ್ಚು ದುಡಿದರೆ ಹಣ ಇದೆ, ನಿಯಮ ಮುರಿದರೆ ಕೇಳುವವರಿದ್ದಾರೆ" ಎಂದ.

ಅಂದರೆ ಇದೊಂದು ಸರಪಳಿ. ಐರ್ಲೆಂಡಿನ ಹುಡುಗ ಆಸ್ಟ್ರೇಲಿಯಾಕ್ಕೆ, ರಾಯಚೂರಿನ ಹುಡುಗ ಐರ್ಲೆಂಡಿಗೆ. ಸರಪಳಿಯ ಕೊನೆಯಲ್ಲಿ ಇರುವುದು ನಮ್ಮ ತಾಲ್ಲೂಕು ಆಸ್ಪತ್ರೆ. ಅಲ್ಲಿಗೆ ಬರುವವರು ಯಾರೂ ಇಲ್ಲ.

ನಮ್ಮ ಊರಿಗೆ ಆಗುವ ನಷ್ಟ

ಸಂವಿಧಾನದ 371(ಜೆ) ವಿಧಿಯಿಂದ ಕಲ್ಯಾಣ ಕರ್ನಾಟಕದ ವೈದ್ಯಕೀಯ ಕಾಲೇಜುಗಳಲ್ಲಿ ಶೇ. 70ರಷ್ಟು ಸೀಟು ನಮ್ಮ ಭಾಗದ ಮಕ್ಕಳಿಗೆ ಮೀಸಲು. ಇದರಿಂದ ನಮ್ಮ ಸಮುದಾಯದ ಎಷ್ಟೋ ಮನೆಗಳಲ್ಲಿ ಮೊದಲ ಡಾಕ್ಟರ್ ತಯಾರಾಗುತ್ತಿದ್ದಾರೆ. ಓದಿದವರು ಹಳ್ಳಿಯಲ್ಲಿ ಒಂದು ವರ್ಷ ಸೇವೆ ಮಾಡಲಿ ಎಂದು ರಾಜ್ಯ ಸರ್ಕಾರ 2012ರಲ್ಲಿ ಕಾಯ್ದೆಯನ್ನೂ ತಂದಿತು. ಆದರೆ ಕಾಯ್ದೆಯಿಂದ ಒಬ್ಬರನ್ನು ಒಂದು ವರ್ಷ ನಿಲ್ಲಿಸಬಹುದು. ಹತ್ತು ವರ್ಷ ನಿಲ್ಲಬೇಕಾದರೆ ಇರಲು ಮನೆ, ಜೊತೆಗೆ ಇನ್ನೊಬ್ಬ ವೈದ್ಯ, ರಾತ್ರಿ ಕಾವಲು, ವಾರಕ್ಕೊಂದು ರಜೆ ಬೇಕು.

ಹಳ್ಳಿಯ ದವಾಖಾನೆಯಲ್ಲಿ ಕೂತ ನನಗೆ ಇದು ದಿನವೂ ಕಾಣುತ್ತದೆ. ರಾತ್ರಿ ಎದೆನೋವು, ಉಸಿರಾಟದ ತೊಂದರೆ ಎಂದು ಬಂದು ನನ್ನ ಬಾಗಿಲು ತಟ್ಟುತ್ತಾರೆ. ಕೀಲುನೋವು, ಅಜೀರ್ಣ, ಚರ್ಮದ ಕಾಯಿಲೆ, ಹೆಣ್ಣುಮಕ್ಕಳ ಬಿಳಿಮುಟ್ಟಿನಂಥ ತೊಂದರೆಗಳಿಗೆ ನನ್ನಲ್ಲಿ ಔಷಧ ಇದೆ. ಹೃದಯಾಘಾತಕ್ಕೆ, ಹೆರಿಗೆಯ ರಕ್ತಸ್ರಾವಕ್ಕೆ ಇಲ್ಲ. ಆಗ ಮಸ್ಕಿ, ಸಿಂಧನೂರು, ಲಿಂಗಸುಗೂರು ಎಂದು ಓಡಬೇಕು. ಅಲ್ಲಿ ತಜ್ಞ ವೈದ್ಯರು ಸಿಗದಿದ್ದರೆ ರಾಯಚೂರಿಗೆ ಸುಮಾರು ಎರಡು ತಾಸಿನ ದಾರಿ. ಆ ಎರಡು ತಾಸು ಎಷ್ಟೋ ರೋಗಿಗಳಿಗೆ ಇರುವುದಿಲ್ಲ. ಒಬ್ಬ ಕಿರಿಯ ವೈದ್ಯ ಹೊರಟುಹೋದರೆ ಹೋಗುವುದು ಆ ಎರಡು ತಾಸು.

ಒಬ್ಬ ತಂದೆ ಮಾಡಿದ್ದು

ಕುಟುಂಬದವರು ಕೇಳಿದರೆ ಇದು ಬದಲಾಗುತ್ತದೆಯೇ? ಆಗುತ್ತದೆ. 1984ರ ಮಾರ್ಚ್‌ನಲ್ಲಿ ಅಮೆರಿಕದ ನ್ಯೂಯಾರ್ಕ್‌ನಲ್ಲಿ ಲಿಬ್ಬಿ ಝಿಯಾನ್ ಎಂಬ 18 ವರ್ಷದ ಹುಡುಗಿ ಜ್ವರವೆಂದು ಆಸ್ಪತ್ರೆಗೆ ಸೇರಿ ಮರುದಿನ ಬೆಳಗಾಗುವಷ್ಟರಲ್ಲಿ ತೀರಿಕೊಂಡಳು. ಆ ರಾತ್ರಿ ಅವಳನ್ನು ನೋಡಿಕೊಂಡವರು ಉದ್ದದ ಡ್ಯೂಟಿಯಲ್ಲಿದ್ದ, ಇನ್ನೂ ಹಲವು ರೋಗಿಗಳ ಹೊಣೆ ಹೊತ್ತಿದ್ದ ಕಿರಿಯ ವೈದ್ಯರು. ಅವಳ ತಂದೆ ಪತ್ರಕರ್ತರು. ಅವರು ವೈದ್ಯರ ಮೇಲೆ ಕೇಸು ಹಾಕಿದ್ದಷ್ಟೇ ಅಲ್ಲ, ಅವರನ್ನು ಹಾಗೆ ದುಡಿಸುವ ಪದ್ಧತಿಯನ್ನೇ ಪ್ರಶ್ನಿಸುತ್ತ ಹೋದರು. 1989ರಲ್ಲಿ ನ್ಯೂಯಾರ್ಕ್ ರಾಜ್ಯ ಕಿರಿಯ ವೈದ್ಯರ ಡ್ಯೂಟಿಗೆ ವಾರಕ್ಕೆ 80 ಗಂಟೆ, ಒಮ್ಮೆಗೆ 24 ಗಂಟೆ ಎಂಬ ಮಿತಿ ಹಾಕಿತು. 2003ರಲ್ಲಿ 80 ಗಂಟೆಯ ಮಿತಿ ಇಡೀ ಅಮೆರಿಕಕ್ಕೆ ಬಂತು. ವೈದ್ಯರು ಕೇಳಿದಾಗ ಕಿವಿಗೆ ಹಾಕಿಕೊಳ್ಳದವರು ರೋಗಿಯ ಮನೆಯವರು ಕೇಳಿದಾಗ ಕೇಳಿಸಿಕೊಂಡರು.

ನೀವು ಏನು ಮಾಡಬಹುದು?

ರೋಗಿಯ ಜೊತೆ ಆಸ್ಪತ್ರೆಗೆ ಹೋಗುವಾಗ ಇವನ್ನು ನೆನಪಿಡಿ.

1. ಒಬ್ಬರೋ ಇಬ್ಬರೋ ಜೊತೆಗಿರಿ. ಇಡೀ ಬೀದಿ ಹೋಗುವುದು ಬೇಡ. ವೈದ್ಯರ ಹತ್ತಿರ ಒಬ್ಬರೇ ಮಾತನಾಡಿ.

2. ಹಳೆಯ ಚೀಟಿ, ರಿಪೋರ್ಟು, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು ಒಂದೇ ಚೀಲದಲ್ಲಿರಲಿ. ಯಾವ ಔಷಧ ಮೈಗೆ ಆಗುವುದಿಲ್ಲ ಎಂಬುದನ್ನು ಮೊದಲೇ ಹೇಳಿ. ನನ್ನಂಥವರ ಹತ್ತಿರ ತೆಗೆದುಕೊಂಡ ಯುನಾನಿ ಔಷಧವನ್ನೂ, ಮನೆಮದ್ದನ್ನೂ ಮುಚ್ಚಿಡಬೇಡಿ.

3. ಔಷಧ ಬರೆದುಕೊಟ್ಟ ಮೇಲೆ, "ಇದು ಯಾತಕ್ಕೆ, ಎಷ್ಟು ಸಲ, ಎಷ್ಟು ಪ್ರಮಾಣ?" ಎಂದು ಮರ್ಯಾದೆಯಿಂದ ಕೇಳಿ. ವೈದ್ಯರು ಬಾಯಿಬಿಟ್ಟು ಹೇಳುವಾಗ ತಪ್ಪು ಅವರಿಗೇ ಕಾಣುತ್ತದೆ. ಸಂಶಯ ಬಂದರೆ ಸಿಸ್ಟರ್‌ಗೆ ತೋರಿಸಿ.

4. ವಾರದಿಂದ ಇರುವ ಕೆಮ್ಮು, ತುರಿಕೆಗೆ ರಾತ್ರಿಯ ತುರ್ತು ವಿಭಾಗಕ್ಕೆ ಹೋಗಬೇಡಿ. ಹಗಲು ಹೋಗಿ. ಆದರೆ ಎದೆನೋವು, ಉಸಿರುಗಟ್ಟುವುದು, ಬಾಯಿ ಸೊಟ್ಟಗಾಗುವುದು, ಫಿಟ್ಸ್, ಗರ್ಭಿಣಿಗೆ ರಕ್ತಸ್ರಾವ, ಹಾವು ಕಡಿತ ಇವಕ್ಕೆ ಒಂದು ನಿಮಿಷವೂ ಕಾಯದೆ 108ಕ್ಕೆ ಕರೆ ಮಾಡಿ.

5. ಕೂಗಾಡುವುದು, ಮೊಬೈಲಿನಲ್ಲಿ ವಿಡಿಯೋ ಮಾಡಿ ಹೆದರಿಸುವುದು, ಕೈ ಎತ್ತುವುದು ಬೇಡ. ವೈದ್ಯರ ಮೇಲಿನ ಹಲ್ಲೆಗೆ ರಾಜ್ಯದಲ್ಲಿ 2009ರಿಂದಲೇ ಪ್ರತ್ಯೇಕ ಕಾಯ್ದೆ ಇದೆ, ಅದು ಜಾಮೀನಿಲ್ಲದ ಅಪರಾಧ. ತಪ್ಪಾಗಿದ್ದರೆ ಕೇಳುವ ಹಕ್ಕು ನಿಮಗಿದೆ. ಅದನ್ನು ಆಸ್ಪತ್ರೆಯ ಅಧೀಕ್ಷಕರಿಗೆ ಬರವಣಿಗೆಯಲ್ಲಿ ಕೊಡಿ. ಆ ದೂರಿನಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿ: ಆ ವೈದ್ಯರು ಎಷ್ಟು ಗಂಟೆಯಿಂದ ಡ್ಯೂಟಿಯಲ್ಲಿದ್ದರು?

6. ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ. ಅದರಲ್ಲಿ ಅಧಿಕಾರಿಗಳ ಜೊತೆ ಜನಪ್ರತಿನಿಧಿಗಳೂ ಇರುತ್ತಾರೆ. ಒಳಗಿನಿಂದ ಚಿಲಕ ಹಾಕುವ ಡ್ಯೂಟಿ ರೂಮ್, ಮಹಿಳೆಯರಿಗೆ ಬೇರೆ ಶೌಚಾಲಯ, ಕುಡಿಯುವ ನೀರು, ದಾರಿಯಲ್ಲಿ ಬೆಳಕು, ರಾತ್ರಿ ಕಾವಲುಗಾರ ಇವೆಯೇ ಎಂದು ಅಲ್ಲಿ ಕೇಳಿ. ಹಬ್ಬದ ದಿನ ಆಸ್ಪತ್ರೆಗೆ ಹೋಗಿ ಹಣ್ಣು, ಬ್ರೆಡ್ ಹಂಚುವ ನಮ್ಮ ಯುವಕರ ಕಮಿಟಿಗಳು ಬಹಳ ಇವೆ. ಒಂದು ವರ್ಷ ಆ ಹಣದಲ್ಲಿ, ಆಸ್ಪತ್ರೆಯ ಅನುಮತಿ ಪಡೆದು, ಡ್ಯೂಟಿ ರೂಮಿಗೆ ಗಟ್ಟಿ ಬಾಗಿಲು, ಒಂದು ಮಂಚ, ಒಂದು ಫ್ಯಾನ್ ಹಾಕಿಸಿಕೊಡಿ. ಅದರ ಪ್ರಯೋಜನವೂ ರೋಗಿಗೇ.

ವೈದ್ಯ ಮಕ್ಕಳಿರುವ ಮನೆಯವರಿಗೆ

ಮಗ, ಮಗಳು ಫೋನ್ ಮಾಡಿದಾಗ ಮಾರ್ಕ್ಸು, ಸಂಬಳ ಕೇಳುವ ಮೊದಲು "ಮಲಗಿದ್ದೆಯಾ? ಊಟ ಆಯ್ತಾ?" ಎಂದು ಕೇಳಿ. "ಎಲ್ಲರೂ ತಡಕೊಂಡಿಲ್ಲವೇ, ನೀನೂ ತಡಕೋ" ಎನ್ನಬೇಡಿ. ಮಾತು ಕಡಿಮೆಯಾದರೆ, ಬದುಕೇ ಬೇಡ ಎಂಬಂಥ ಮಾತು ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ರಾತ್ರಿ ಪಾಳಿ ಮಾಡುವ ವೈದ್ಯರಿಗೆ, ನರ್ಸ್‌ಗಳಿಗೆ, ಅಕ್ಕಿ ಗಿರಣಿ, ಗಣಿಯಲ್ಲಿ ದುಡಿಯುವವರಿಗೂ ಕೆಲವು ಮಾತು. ಡ್ಯೂಟಿಗೆ ಹೋಗುವ ಮೊದಲು ಒಂದೂವರೆ ತಾಸು ಮಲಗಿ. ನಡುವೆ ಸಾಧ್ಯವಾದರೆ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ. ರಾತ್ರಿ ಊಟ ಹಗುರವಾಗಿರಲಿ, ನೀರು ಕುಡಿಯುತ್ತಿರಿ. ಡ್ಯೂಟಿ ಮುಗಿಯುವ ಮೂರ್ನಾಲ್ಕು ತಾಸು ಮೊದಲೇ ಚಹಾ ನಿಲ್ಲಿಸಿ, ಇಲ್ಲವಾದರೆ ಹಗಲು ನಿದ್ದೆ ಬರುವುದಿಲ್ಲ. ನಿದ್ದೆಗಣ್ಣಿನಲ್ಲಿ ಬೈಕ್ ಓಡಿಸಬೇಡಿ. ಹಗಲು ಮಲಗುವ ಕೋಣೆ ಕತ್ತಲಾಗಿರಲಿ, ಮನೆಯವರು ಟಿವಿ ಬಂದ್ ಮಾಡಲಿ. ನೆತ್ತಿಗೆ ಸ್ವಲ್ಪ ಬಾದಾಮಿ ಎಣ್ಣೆ ಅಥವಾ ರೋಗನೆ ಕದ್ದು ಹಚ್ಚಿ ತಿಕ್ಕಿಕೊಂಡರೆ ಹಿತವಾಗುತ್ತದೆ. ನಿದ್ದೆ ಮಾತ್ರೆಗೆ ನೀವಾಗಿಯೇ ಕೈ ಹಾಕಬೇಡಿ. ಆದರೆ ಒಂದು ಮಾತು ಸ್ಪಷ್ಟವಿರಲಿ: ಎಣ್ಣೆ, ಸಲಹೆ ಯಾವುದೂ ಕಳೆದುಹೋದ ನಿದ್ದೆಯ ಬದಲಿಗೆ ಬರುವುದಿಲ್ಲ. ದೇಹಕ್ಕೆ ಅದರ ಹಕ್ಕು ಕೊಡಲೇಬೇಕು.

ಆ ಇಬ್ಬರು ತಾಯಂದಿರಿಗೆ

ಮೊಣಕಾಲು ನೋವಿನ ತಾಯಿಗೆ ನಾನು ಹೇಳಿದ್ದು ಇಷ್ಟು: "ಕಳಿಸ್ರಿ. ಹೆದರಿ ನಮ್ಮ ಹೆಣ್ಣುಮಕ್ಕಳನ್ನು ಮನೆಯಲ್ಲಿಟ್ಟರೆ ನಾಳೆ ನಮ್ಮ ಹೆಣ್ಣುಮಕ್ಕಳ ಹೆರಿಗೆ ಮಾಡಿಸುವವರು ಯಾರು? ಆದರೆ ಸೇರಿಸಲು ಹೋದಾಗ ಹಾಸ್ಟೆಲ್ ಫೀಸು ಕೇಳಿದಂತೆಯೇ ಡ್ಯೂಟಿ ರೂಮಿಗೆ ಚಿಲಕ ಇದೆಯೇ ಎಂದೂ ಕೇಳ್ರಿ. ಒಬ್ಬರು ಕೇಳಿದರೆ ನಗಬಹುದು. ನೂರು ಜನ ತಾಯಂದಿರು ಕೇಳಿದರೆ ಹಾಕಿಸುತ್ತಾರೆ."

ಅಕ್ಕನಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಅವನು ಹೋಗುತ್ತಾನೆ, ತಡೆಯಬೇಡ ಎಂದೆ. ಅಕ್ಕ ಬಹಳ ಹೊತ್ತು ಮಾತನಾಡಲಿಲ್ಲ. ಹೋದವನು ವಾಪಸು ಬರುತ್ತಾನೋ ಇಲ್ಲವೋ ನನಗೆ ತಿಳಿಯದು. "ಖಾಲಾ, ರಾಯಚೂರಿನಲ್ಲಿ ನಿಯಮದಂತೆ ಡ್ಯೂಟಿ ಕೊಟ್ಟರೆ ಕಡಿಮೆ ಸಂಬಳಕ್ಕೂ ಬರ್ತೀನಿ" ಎಂದಿದ್ದಾನೆ. ಆ ಮಾತನ್ನು ನಾನು ನಂಬಿದ್ದೇನೆ. ಅದು ನಿಜವಾಗಬೇಕಾದರೆ ಅವನು ಒಬ್ಬನೇ ಮಾತು ಉಳಿಸಿಕೊಂಡರೆ ಸಾಲದು, ಇಲ್ಲಿರುವ ನಾವೂ ಕೇಳಬೇಕಾದದ್ದನ್ನು ಕೇಳಬೇಕು.

ಮುಂದಿನ ಸಲ ರಾತ್ರಿ ಆಸ್ಪತ್ರೆಗೆ ಹೋದಾಗ, ನಿಮ್ಮ ರೋಗಿಯನ್ನು ನೋಡಲು ಬಂದ ಹುಡುಗನನ್ನೋ ಹುಡುಗಿಯನ್ನೋ ಒಮ್ಮೆ ಕೇಳಿ: "ಡಾಕ್ಟ್ರೇ, ಊಟ ಆಯ್ತೇನ್ರಿ? ಯಾವಾಗಿಂದ ಡ್ಯೂಟಿ ಮಾಡಾಕತ್ತೀರಿ?" ಅವರು ಕೊಟ್ಟ ಉತ್ತರವನ್ನು ಮರೆಯದೆ ಬಂದು, ಕೇಳಬೇಕಾದ ಜಾಗದಲ್ಲಿ ಹೇಳಿ.